ಮೊದಲ ಕರೆ ದೂರಿನದಾಗದಿರಲಿ: ಹೊಸ ಶಾಲಾ ವರ್ಷಕ್ಕೆ ಮನೆಯವರನ್ನು ಬರಮಾಡಿಕೊಳ್ಳುವ ಬಗೆ

ಶಾಲೆಯಿಂದ ಯಾವುದಾದರೂ ಮಗುವಿನ ಮನೆಗೆ ಫೋನ್ ಮಾಡಿ ನೋಡಿ. "ನಾನು ನಿಮ್ಮ ಮಗನ ಕ್ಲಾಸ್ ಟೀಚರ್" ಎನ್ನುವಷ್ಟರಲ್ಲಿ ಆ ಕಡೆಯಿಂದ ಬರುವ ಮಾತು ಬಹುಪಾಲು ಒಂದೇ: "ಅಯ್ಯೋ, ಏನಾಯಿತು ಮಿಸ್? ಏನು ಮಾಡಿಕೊಂಡ?" ಬಿದ್ದನೇ, ಹೊಡೆದನೇ, ಹೊಡೆಸಿಕೊಂಡನೇ, ಜ್ವರವೇ, ಎಲ್ಲ ಚಿಂತೆಯೂ ಆ ಒಂದು ಉಸಿರಿನಲ್ಲಿರುತ್ತದೆ. ಶಾಲೆಯವರು ಕರೆದರೆ ಕೆಟ್ಟ ಸುದ್ದಿಯೇ ಇರಬೇಕು ಎಂಬುದನ್ನು ಅವರು ಕಲಿತದ್ದು ನಮ್ಮಿಂದಲೇ.

ಚಿಕ್ಕ ತರಗತಿಗಳಿಗೆ ಬಹಳ ವರ್ಷ ಪಾಠ ಮಾಡಿದ ಮೇಲೆ ನಾನು ಗಟ್ಟಿಯಾಗಿ ಹಿಡಿದುಕೊಂಡಿರುವ ನಿಯಮ ಇದು: ಮನೆಯವರೊಂದಿಗೆ ನನ್ನ ಮೊದಲ ಮಾತು ಅವರ ಮಗುವಿನ ಬಗ್ಗೆ ನಾನು ಕಂಡ ಒಳ್ಳೆಯದೇ ಆಗಿರಬೇಕು, ಅದೂ ತಾಪತ್ರಯ ಏಳುವ ಮೊದಲೇ ಆಗಬೇಕು. ಮುಂದೆ ಕಷ್ಟದ ಮಾತು ಆಡಬೇಕಾಗಿ ಬಂದಾಗ ಅದೇ ನನಗೆ ಬಂಡವಾಳ. ಕೆಳಗಿನ ಹಂತಗಳು ಶಾಲೆ ತೆರೆಯುವ ಎರಡು ವಾರ ಮೊದಲಿನಿಂದ ಆರನೆಯ ವಾರದವರೆಗಿನವು. ಮೊದಲ ಬಾರಿಗೆ ಪ್ರಾಥಮಿಕ ತರಗತಿಯೊಂದನ್ನು ವಹಿಸಿಕೊಳ್ಳುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಹಂತ 1: ಎರಡು ವಾರ ಮೊದಲು, ಹೆಸರುಗಳು

ಹಾಜರಿ ಪಟ್ಟಿ ಕೈಗೆ ಬಂದ ದಿನವೇ ಹೆಸರುಗಳನ್ನು ಗಟ್ಟಿಯಾಗಿ ಓದಿ. ಕಣ್ಣಾಡಿಸಿದರೆ ಸಾಲದು, ನಾಲಿಗೆ ಹೊರಳಬೇಕು. ತೊಡಕಾಗುವ ಹೆಸರುಗಳಿಗೆ ಗುರುತು ಹಾಕಿಕೊಂಡು ಮನೆಯವರನ್ನೇ ಕೇಳಿ: "ನೀವು ಹೇಗೆ ಕರೆಯುತ್ತೀರಿ, ಒಮ್ಮೆ ಹೇಳಿ." ಒಬ್ಬ ಹುಡುಗಿಯನ್ನು ನಾನು ಮೂರು ತಿಂಗಳು ತಪ್ಪು ಹೆಸರಿನಲ್ಲಿ ಕರೆದಿದ್ದೇನೆ. ದೀರ್ಘ ಎಳೆಯಬೇಕಾದಲ್ಲಿ ಮೊಟಕು ಮಾಡುತ್ತಿದ್ದೆ. ಅವಳು ತಿದ್ದಲಿಲ್ಲ. ಒಂದು ದಿನ ಅವಳ ತಾಯಿ ಬಾಗಿಲಲ್ಲಿ ನಿಂತು ಸರಿಯಾಗಿ ಕರೆದಾಗ ಇಡೀ ತರಗತಿ ಅತ್ತಿತ್ತ ನೋಡಿತು, ಇದು ಯಾರ ಹೆಸರು ಎಂದು.

ಅರ್ಜಿಯಲ್ಲಿ 'ತಂದೆಯ ಹೆಸರು, ತಾಯಿಯ ಹೆಸರು' ಎಂದು ಎರಡು ಗೆರೆ ಇರುವುದರಿಂದ ಪ್ರತಿ ಮನೆಯಲ್ಲೂ ಅವರಿಬ್ಬರೇ ಇರುತ್ತಾರೆ ಎಂದುಕೊಳ್ಳಬೇಡಿ. ಅಜ್ಜಿ ಸಾಕುತ್ತಿರಬಹುದು, ಚಿಕ್ಕಪ್ಪನ ಮನೆಯಲ್ಲಿರಬಹುದು, ತಂದೆ ತಾಯಿ ಬೇರೆ ಬೇರೆ ಇರಬಹುದು. ಈ ಬರಹದಲ್ಲಿ ನಾನು 'ಮನೆಯವರು' ಎನ್ನುತ್ತಿರುವುದು ಅದಕ್ಕೇ, ಮಕ್ಕಳೊಂದಿಗೆ ಮಾತನಾಡುವಾಗಲೂ ಅದೇ ಪದ ಬಳಸುತ್ತೇನೆ. "ಅಮ್ಮನ ಹತ್ತಿರ ಸಹಿ ಹಾಕಿಸಿಕೊಂಡು ಬಾ" ಎಂಬ ಸಾಮಾನ್ಯ ಮಾತೂ ತಾಯಿಯಿಲ್ಲದ ಮಗುವಿಗೆ ಚುಚ್ಚುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ಮಗುವಿಗೊಂದು ಪುಟ ಮೀಸಲಿಡಿ. ಯಾರು ಬಿಡಲು ಬರುತ್ತಾರೆ, ಯಾರು ಕರೆದೊಯ್ಯಬಹುದು, ಹಗಲಿನಲ್ಲಿ ಯಾವ ನಂಬರಿಗೆ ಉತ್ತರ ಸಿಗುತ್ತದೆ, ಅಲರ್ಜಿ, ಉಬ್ಬಸದ ಇನ್‌ಹೇಲರ್, ಕನ್ನಡಕ, ಕಿವಿ. ಕರೆದೊಯ್ಯುವವರ ಹೆಸರು ಬರವಣಿಗೆಯಲ್ಲಿ ಇರಲೇಬೇಕು. ಪಟ್ಟಿಯಲ್ಲಿಲ್ಲದವರು ಬಂದು "ನಾನು ಅವನ ಮಾವ" ಎಂದರೆ, ಮಗು ಓಡಿಹೋಗಿ ತಬ್ಬಿಕೊಂಡರೂ, ಮನೆಗೆ ಫೋನ್ ಮಾಡಿ ಕೇಳುವವರೆಗೆ ಕಳಿಸಬೇಡಿ. ಇದರಲ್ಲಿ ದಾಕ್ಷಿಣ್ಯ ಬೇಡ.

ಕಳೆದ ವರ್ಷದ ಶಿಕ್ಷಕರೊಂದಿಗೆ ಮಾತನಾಡಿ, ಆದರೆ ಅಳತೆಯಲ್ಲಿ. 1968ರಲ್ಲಿ ಅಮೆರಿಕದ ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್‌ಸನ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದು ಪ್ರಾಥಮಿಕ ಶಾಲೆಯಲ್ಲಿ ಸುಮಾರು ಐದರಲ್ಲಿ ಒಂದು ಭಾಗ ಮಕ್ಕಳನ್ನು ಚೀಟಿ ಎತ್ತಿದಂತೆ ಸುಮ್ಮನೆ ಆರಿಸಿ, "ಇವರು ಈ ವರ್ಷ ಚೆನ್ನಾಗಿ ಅರಳುತ್ತಾರೆ" ಎಂದು ಶಿಕ್ಷಕರಿಗೆ ಹೇಳಿದರು. ವರ್ಷದ ಕೊನೆಗೆ ಒಂದು ಮತ್ತು ಎರಡನೆಯ ತರಗತಿಗಳಲ್ಲಿ ಆ ಮಕ್ಕಳ ಬುದ್ಧಿಪರೀಕ್ಷೆಯ ಅಂಕಗಳು ಉಳಿದವರಿಗಿಂತ ಹೆಚ್ಚು ಏರಿದ್ದವು. ಆ ಅಧ್ಯಯನದ ವಿಧಾನದ ಮೇಲೆ ತಕರಾರುಗಳು ಬಂದಿವೆ, ಪರಿಣಾಮ ಅಷ್ಟು ದೊಡ್ಡದಲ್ಲ ಎಂದವರೂ ಇದ್ದಾರೆ. ಆದರೂ "ಆ ಹುಡುಗನಾ? ದೇವರೇ ಕಾಪಾಡಬೇಕು" ಎಂದು ಸ್ಟಾಫ್ ರೂಮಿನಲ್ಲಿ ಕೇಳಿದ ಮೇಲೆ ಆ ಹುಡುಗನನ್ನು ಹೊಸ ಕಣ್ಣಿನಿಂದ ನೋಡುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು. ಹಾಗಾಗಿ ಮೂರೇ ಪ್ರಶ್ನೆ ಕೇಳುತ್ತೇನೆ: ಆರೋಗ್ಯದ ವಿಚಾರವೇನಾದರೂ ಇದೆಯೇ? ಏನು ಕಂಡರೆ ಇಷ್ಟ? ಅತ್ತಾಗ ಏನು ಮಾಡಿದರೆ ಸಮಾಧಾನ? "ಹುಡುಗ ಹೇಗೆ?" ಎಂದು ಕೇಳುವುದಿಲ್ಲ.

ಹಂತ 2: ಒಂದು ವಾರ ಮೊದಲು, ಪತ್ರ

ಬಹಳ ಶಾಲೆಗಳಿಂದ ಮನೆಗೆ ಹೋಗುವ ಮೊದಲ ಕಾಗದ ನಿಯಮಗಳ ಪಟ್ಟಿ. ತಡವಾಗಿ ಬಂದರೆ ಹೀಗೆ, ಸಮವಸ್ತ್ರ ಇಲ್ಲದಿದ್ದರೆ ಹಾಗೆ. ನಿಯಮ ಬೇಕು, ಆದರೆ ಅದಕ್ಕೆ ಬೇರೆ ದಿನವಿದೆ. ಮೊದಲ ಪತ್ರ ಒಂದು ಪುಟ ದಾಟಬಾರದು. ನಾನು ಬರೆಯುವುದು ಹೆಚ್ಚುಕಡಿಮೆ ಹೀಗಿರುತ್ತದೆ:

"ನಮಸ್ಕಾರ. ಈ ವರ್ಷ ನಿಮ್ಮ ಮಗಳು ನನ್ನ ತರಗತಿಯಲ್ಲಿ ಇರುತ್ತಾಳೆ. ಗೇಟಿನಿಂದ ಬಲಕ್ಕೆ ತಿರುಗಿದರೆ ಎರಡನೆಯ ಕೋಣೆ ನಮ್ಮದು, ಬಾಗಿಲ ಮೇಲೆ ಮೀನಿನ ಚಿತ್ರ ಇದೆ. ಗಂಟೆ ಹೊಡೆಯುವುದಕ್ಕೆ ಕಾಲು ಗಂಟೆ ಮೊದಲಿನಿಂದ ನಾನು ಆ ಬಾಗಿಲಲ್ಲೇ ನಿಂತಿರುತ್ತೇನೆ. ಮೊದಲ ದಿನ ಊಟದ ಡಬ್ಬಿ, ನೀರಿನ ಬಾಟಲಿ, ಒಂದು ಪೆನ್ಸಿಲ್, ಒಂದು ಜೊತೆ ಬದಲಿ ಬಟ್ಟೆ ಇದ್ದರೆ ಸಾಕು. ಪುಸ್ತಕಗಳ ವಿಚಾರ ಆಮೇಲೆ. ನನಗೊಂದು ಸಹಾಯ ಮಾಡಿ: ನಿಮ್ಮ ಮಗಳ ಬಗ್ಗೆ ನನಗೆ ಗೊತ್ತಿರಲೇಬೇಕು ಎಂದು ನಿಮಗೆ ಅನ್ನಿಸುವ ಒಂದು ಸಂಗತಿಯನ್ನು ಬರೆದು ಕಳಿಸಿ, ಇಲ್ಲವೇ ಸಿಕ್ಕಾಗ ಹೇಳಿ."

ಆ ಕೊನೆಯ ಸಾಲಿಗೆ ಬರುವ ಉತ್ತರಗಳನ್ನು ನಾನು ಎಸೆದಿಲ್ಲ. 'ಗುಡುಗಿಗೆ ಹೆದರುತ್ತಾಳೆ.' 'ಎಡಗಿವಿ ಸ್ವಲ್ಪ ಮಂದ, ಯಾರಿಗೂ ಹೇಳಿಕೊಳ್ಳುವುದಿಲ್ಲ.' 'ತಮ್ಮ ಹುಟ್ಟಿದ ಮೇಲೆ ಮಾತು ಕಡಿಮೆಯಾಗಿದೆ.' ಒಬ್ಬ ತಂದೆ ಹಾಳೆಯ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು: 'ಲೆಕ್ಕದಲ್ಲಿ ಜಾಣೆ. ದಯವಿಟ್ಟು ಗಮನಿಸಿ.' ಇಂಥದ್ದು ಯಾವ ಅರ್ಜಿಯ ಖಾನೆಯಲ್ಲೂ ಬರುವುದಿಲ್ಲ.

ಓದಲು ಬಾರದ ಮನೆಗಳಿರುತ್ತವೆ, ಬೇರೆ ಭಾಷೆಯ ಮನೆಗಳಿರುತ್ತವೆ. ಯಾರು ಯಾರು ಎಂದು ವಿಚಾರಿಸುತ್ತಾ ಕೂರುವ ಬದಲು ಅದೇ ಪತ್ರವನ್ನು ನಿಮ್ಮ ದನಿಯಲ್ಲಿ ಓದಿ ಒಂದು ನಿಮಿಷದ ಧ್ವನಿ ಸಂದೇಶವಾಗಿ ಎಲ್ಲರಿಗೂ ಕಳಿಸಿ. ಎಲ್ಲರಿಗೂ ಹೋದರೆ ಯಾರಿಗೂ ಮುಜುಗರವಿಲ್ಲ. ಮಗುವಿನ ಹೆಸರಿಗೆ ಬೇರೆಯಾಗಿ ಎರಡು ಸಾಲಿನ ಚೀಟಿ ಇದ್ದರೆ ಇನ್ನೂ ಚೆನ್ನ. ತನ್ನ ಹೆಸರಿಗೆ ಕಾಗದ ಬಂದಿದೆ ಎಂಬುದೇ ಆರು ವರ್ಷದವರಿಗೆ ದೊಡ್ಡ ಸಂಗತಿ.

ನಿದ್ದೆಯ ಬಗ್ಗೆಯೂ ಒಂದು ಸಾಲು ಸೇರಿಸಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎಂಬುದು ನಿದ್ರಾತಜ್ಞರ ಶಿಫಾರಸು. ರಜೆಯಲ್ಲಿ ಹೊತ್ತು ಮೀರಿ ಮಲಗಿ ರೂಢಿಯಾದ ಮಗುವನ್ನು ಒಂದೇ ರಾತ್ರಿಯಲ್ಲಿ ಸರಿಪಡಿಸಲಾಗದು. ದಿನಕ್ಕೆ ಕಾಲು ಗಂಟೆಯಷ್ಟು ಹಿಂದಕ್ಕೆ ತಂದರೆ ವಾರದಲ್ಲಿ ದಾರಿಗೆ ಬರುತ್ತದೆ.

ಹಂತ 3: ಕೋಣೆ

ಗೋಡೆ ತುಂಬ ಚಿತ್ರ ಅಂಟಿಸುವ ಆಸೆಯನ್ನು ತಡೆದುಕೊಳ್ಳಿ. 2014ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 24 ಪುಟ್ಟ ಮಕ್ಕಳಿಗೆ ವಿಜ್ಞಾನದ ಪಾಠಗಳನ್ನು ಕೆಲವು ದಿನ ಅಲಂಕಾರ ತುಂಬಿದ ಕೋಣೆಯಲ್ಲಿ, ಕೆಲವು ದಿನ ಬೋಳು ಗೋಡೆಗಳ ಕೋಣೆಯಲ್ಲಿ ಮಾಡಿ ನೋಡಿದರು. ಪಾಠದ ಮೇಲಿನ ಪ್ರಶ್ನೆಗಳಿಗೆ ಬೋಳು ಕೋಣೆಯಲ್ಲಿ ಸರಿಯುತ್ತರ ಶೇ 55ರಷ್ಟು ಬಂದರೆ, ಅಲಂಕಾರದ ಕೋಣೆಯಲ್ಲಿ ಬಂದದ್ದು ಶೇ 42. ಸಣ್ಣ ಅಧ್ಯಯನ, ನಿಜ. ಆದರೆ ಅರ್ಧ ಗೋಡೆ ಖಾಲಿ ಬಿಡಲು ನನಗೆ ಇನ್ನೊಂದು ಕಾರಣವೂ ಇದೆ: ಅಲ್ಲಿ ಮಕ್ಕಳ ಕೆಲಸ ಬರಬೇಕು. ನಾವೇ ತುಂಬಿಸಿಬಿಟ್ಟರೆ ಅವರು ಬಾಡಿಗೆಯವರಾಗುತ್ತಾರೆ.

ನೆಲದ ಮೇಲೆ ಕುಕ್ಕುರುಗಾಲಲ್ಲಿ ಕುಳಿತು ಕೋಣೆಯನ್ನು ಒಮ್ಮೆ ನೋಡಿ. ಬ್ಯಾಗಿನ ಮೊಳೆ ಕೈಗೆ ಸಿಗುತ್ತದೆಯೇ, ಹಲಗೆಯ ಮೇಲೆ ಕಿಟಕಿಯ ಬೆಳಕು ಹೊಳೆದು ಅಕ್ಷರ ಮುಚ್ಚುತ್ತದೆಯೇ ಎಂಬುದು ಆ ಎತ್ತರದಿಂದಲೇ ತಿಳಿಯುವುದು. ಹತ್ತರಲ್ಲಿ ಒಂದು ಮಗು ಎಡಚ. ಅವರನ್ನು ಬೆಂಚಿನ ಎಡತುದಿಗೆ ಕೂರಿಸಿದರೆ ಪಕ್ಕದವರ ಮೊಣಕೈಗೆ ತಾಗಿ ಜಗಳವಾಗುವುದು ತಪ್ಪುತ್ತದೆ. ಗುಂಪುಗಳಿಗೆ 'ಕೆಂಪು ಗುಂಪು, ಹಸಿರು ಗುಂಪು' ಎಂದು ಬರೀ ಬಣ್ಣದ ಗುರುತು ಕೊಡಬೇಡಿ, ಜೊತೆಗೆ ಆಕಾರವನ್ನೂ ಕೊಡಿ. ಕೆಂಪು ಹಸಿರುಗಳ ವ್ಯತ್ಯಾಸ ಕಾಣದ ಹುಡುಗರು ನಿಮ್ಮ ತರಗತಿಯಲ್ಲೂ ಇರಬಹುದು, ಹಾಗೆಂದು ಅವರಿಗೇ ಗೊತ್ತಿರುವುದಿಲ್ಲ.

ದೊಡ್ಡವರು ಕೂರುವ ಕುರ್ಚಿಗಳನ್ನು ಕೆಲವನ್ನಾದರೂ ತಂದಿಡಿ. ಮಂಡಿ ಗದ್ದಕ್ಕೆ ತಾಗುವ ಬೆಂಚಿನಲ್ಲಿ ಮುದುರಿ ಕುಳಿತವರು ಎಂದೂ ಮನಬಿಚ್ಚಿ ಮಾತನಾಡುವುದಿಲ್ಲ. ತಮ್ಮ ಶಾಲೆಯ ದಿನಗಳಲ್ಲಿ ಪೆಟ್ಟು ತಿಂದವರಿಗಂತೂ ಆ ಬೆಂಚೇ ಸಾಕು, ಮತ್ತೆ ಎಂಟು ವರ್ಷದವರಾಗಿಬಿಡುತ್ತಾರೆ.

ಹಂತ 4: ಪರಿಚಯದ ದಿನ

ನಲವತ್ತು ನಿಮಿಷ ಸಾಕು. ಸಾಧ್ಯವಾದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಇಟ್ಟುಕೊಳ್ಳಿ. ಪಾಳಿಯಲ್ಲಿ ದುಡಿಯುವವರಿಗೆ ಒಂದೇ ಹೊತ್ತಿನ ಸಭೆ ಎಂದರೆ ಒಂದು ದಿನದ ಕೂಲಿ ಬಿಡಬೇಕಾದೀತು. ಬರಲಾಗದವರನ್ನು 'ಆಸಕ್ತಿ ಇಲ್ಲದವರು' ಎಂದು ಬರೆದುಕೊಳ್ಳುವ ಅಭ್ಯಾಸ ನಮ್ಮವರಲ್ಲಿ ಬಹಳ ಇದೆ. ನನ್ನ ಅನುಭವದಲ್ಲಿ ಅದು ಹೆಚ್ಚಾಗಿ ತಪ್ಪು ಲೆಕ್ಕ.

ಭಾಷಣದಿಂದ ಶುರು ಮಾಡಬೇಡಿ. ಮೊದಲ ಹತ್ತು ನಿಮಿಷ ಮಗುವೇ ಮನೆಯವರಿಗೆ ಕೋಣೆ ತೋರಿಸಲಿ: ತನ್ನ ಜಾಗ ಯಾವುದು, ಬ್ಯಾಗು ಎಲ್ಲಿ, ನೀರು ಎಲ್ಲಿ. ಆಮೇಲೆ ಎಲ್ಲರನ್ನೂ ಕರೆದುಕೊಂಡು ಹೋಗಿ ಶೌಚಾಲಯ ತೋರಿಸಿ. ನಗಬೇಡಿ. ಹೊಸ ಮಕ್ಕಳ ಅರ್ಧ ಭಯ ಅಲ್ಲಿಯದೇ. ಚಿಲಕ ಹೇಗೆ ಹಾಕುವುದು, ತೆಗೆಯಲು ಬಾರದಿದ್ದರೆ ಯಾರನ್ನು ಕೂಗುವುದು ಎಂದು ಮನೆಯವರ ಎದುರೇ ಮಾಡಿಸಿ ನೋಡಿ. ದಿನವಿಡೀ ಬಿಗಿಹಿಡಿದು ಮನೆಗೆ ಓಡುವ ಮಕ್ಕಳು ಪ್ರತಿ ವರ್ಷವೂ ಸಿಗುತ್ತಾರೆ.

ಆಮೇಲೆ ನಿಮ್ಮ ಮಾತು, ಹತ್ತೇ ನಿಮಿಷ. ಮನೆಯವರ ತಲೆಯಲ್ಲಿ ಇರುವುದು ಮೂರು ಪ್ರಶ್ನೆ: ನನ್ನ ಮಗುವಿಗೆ ಇಲ್ಲಿ ಏನೂ ಆಗುವುದಿಲ್ಲ ತಾನೇ? ಇಷ್ಟು ಜನರ ನಡುವೆ ನೀವು ಅವಳನ್ನು ನೋಡುತ್ತೀರಾ? ಏನಾದರೂ ಆದರೆ ನನಗೆ ಹೇಗೆ ತಿಳಿಯುತ್ತದೆ? ಪಠ್ಯಕ್ರಮದ ವಿವರಣೆ ಇವಕ್ಕೆ ಉತ್ತರವಲ್ಲ. ಹೋಮ್‌ವರ್ಕ್ ಎಷ್ಟು ಎಂದು ಮಾತ್ರ ಖಚಿತವಾಗಿ ಹೇಳಿಬಿಡಿ. ತರಗತಿಗೆ ಹತ್ತು ನಿಮಿಷ, ಅಂದರೆ ಒಂದನೆಯವರಿಗೆ ಹತ್ತು, ಮೂರನೆಯವರಿಗೆ ಮೂವತ್ತು ಎಂಬ ಲೆಕ್ಕ ಹಲವೆಡೆ ರೂಢಿಯಲ್ಲಿದೆ. ಅದಕ್ಕಿಂತ ಹೆಚ್ಚು ಹಿಡಿದರೆ ಪುಸ್ತಕ ಮುಚ್ಚಿಸಿ, ನನಗೊಂದು ಚೀಟಿ ಬರೆಯಿರಿ ಎನ್ನುತ್ತೇನೆ.

"ಏನಾದರೂ ಕೇಳುವುದಿದೆಯೇ?" ಎಂದ ಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲುವುದು ಒಂದು ವಿದ್ಯೆ. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸರಾಸರಿ ಒಂದೇ ಸೆಕೆಂಡು ಎಂದು ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ಅಳೆದು ತೋರಿಸಿದ್ದರು. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಮಾತನಾಡುತ್ತಾರೆ. ದೊಡ್ಡವರ ವಿಷಯದಲ್ಲಿ ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಏಳೆಂಟಕ್ಕೆ ಹಿಂದಿನ ಸಾಲಿನಿಂದ ಒಂದು ಗಂಟಲು ಸರಿಯಾಗುತ್ತದೆ.

ಕೊನೆಯಲ್ಲಿ ಮನೆಯವರಿಂದ ಮಗುವಿಗೆ ಏನಾದರೂ ಬಿಟ್ಟುಹೋಗುವ ಕೆಲಸ. ಮೊದಲು ನಾನು "ನಾಲ್ಕು ಸಾಲು ಬರೆಯಿರಿ" ಎನ್ನುತ್ತಿದ್ದೆ. ಒಮ್ಮೆ ಒಬ್ಬ ತಾತ ಪೆನ್ನನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದರು, ಆಮೇಲೆ "ಕನ್ನಡಕ ಮರೆತು ಬಂದೆ" ಎಂದರು. ಕನ್ನಡಕ ಜೇಬಿನಲ್ಲೇ ಇತ್ತು. ಅವತ್ತಿನಿಂದ ಬರೆಸುವುದನ್ನು ಬಿಟ್ಟೆ. ಈಗ ಎಲ್ಲರೂ ಹಾಳೆಯ ಮೇಲೆ ಅಂಗೈ ಇಟ್ಟು ಪೆನ್ಸಿಲಿನಲ್ಲಿ ಸುತ್ತುಗೆರೆ ಎಳೆಯುತ್ತಾರೆ. ಹಾಳೆ ಮಗುವಿನ ಡೆಸ್ಕಿನೊಳಗೆ ಹೋಗುತ್ತದೆ. ಅದೇ ತಾತನ ಕೈಯ ಗೆರೆಯಲ್ಲಿ ಕಿರುಬೆರಳು ಹೊರಕ್ಕೆ ಸೊಟ್ಟಗಿತ್ತು. ಮೊಮ್ಮಗ ಮೊದಲ ವಾರವಿಡೀ ಊಟಕ್ಕೆ ಮುಂಚೆ ಆ ಹಾಳೆಯನ್ನು ತೆಗೆದು, ಗೆರೆಯೊಳಗೆ ತನ್ನ ಕೈ ಇಟ್ಟು, ಕಿರುಬೆರಳನ್ನು ಅಷ್ಟೇ ಸೊಟ್ಟ ಮಾಡಲು ನೋಡುತ್ತಿದ್ದ.

ಹಂತ 5: ಮೊದಲ ದಿನ, ಬಾಗಿಲಲ್ಲಿ

ಅಳು ಬಂದೇ ಬರುತ್ತದೆ. ಮಗುವಿನ ಗಮನ ತಪ್ಪಿಸಿ ಹಿಂದಿನಿಂದ ಜಾರಿಕೊಳ್ಳುವುದು ಬೇಡ ಎಂದು ಮನೆಯವರಿಗೆ ಮೊದಲೇ ಹೇಳಿಡಿ. ಅವತ್ತು ಸುಲಭವಾಗಿ ಕಾಣುತ್ತದೆ, ಮರುದಿನ ಮಗು ಸೆರಗನ್ನು ಬಿಡುವುದೇ ಇಲ್ಲ. ಬೀಳ್ಕೊಡುವುದು ಚಿಕ್ಕದಾಗಿರಲಿ, ದಿನವೂ ಒಂದೇ ರೀತಿ ಇರಲಿ: ಒಂದು ಅಪ್ಪುಗೆ, ಒಂದು ಮಾತು, ಹೊರಡುವುದು. "ಮೂರು ಗಂಟೆಗೆ ಬರುತ್ತೇನೆ" ಎಂದರೆ ಗಡಿಯಾರ ತಿಳಿಯದ ಮಗುವಿಗೆ ಅರ್ಥವಿಲ್ಲ. "ಊಟ ಆಗುತ್ತದೆ, ಆಟ ಆಗುತ್ತದೆ, ಮಿಸ್ ಕಥೆ ಹೇಳುತ್ತಾರೆ. ಕಥೆ ಮುಗಿದಾಗ ನಾನು ಗೇಟಿನ ಹತ್ತಿರ ಇರುತ್ತೇನೆ" ಎಂದರೆ ಆ ಸರಣಿಯನ್ನು ಮಗು ಎಣಿಸಿಕೊಂಡು ಕೂರುತ್ತದೆ. ಹೇಳಿದ ಮೇಲೆ ನಿಜವಾಗಿ ಅಲ್ಲಿರಬೇಕು. ಮೊದಲ ದಿನ ಐದು ನಿಮಿಷ ತಡವಾದರೂ ಲೆಕ್ಕ ತಪ್ಪುತ್ತದೆ.

ಗೇಟಿನಾಚೆ ನಿಂತು ಕಣ್ಣೊರೆಸಿಕೊಳ್ಳುವವರನ್ನೂ ಮರೆಯಬೇಡಿ. ಮಗು ಸಮಾಧಾನವಾದ ಕೂಡಲೇ ಎರಡು ಪದದ ಸಂದೇಶ ಸಾಕು: "ಆಡುತ್ತಿದ್ದಾಳೆ, ನಿಶ್ಚಿಂತೆಯಿಂದಿರಿ." ಅವರ ಇಡೀ ದಿನ ಅದರಿಂದ ಉಳಿಯುತ್ತದೆ. ಫೋಟೊ ಕಳಿಸುವುದಾದರೆ ಅನುಮತಿ ಪಡೆದಿರಬೇಕು, ಚಿತ್ರದಲ್ಲಿ ಬೇರೆ ಮಕ್ಕಳ ಮುಖ ಇರಬಾರದು. ಮೊದಲ ದಿನ ಅಳದೆ ಕುಳಿತ ಮಗುವಿನ ಮೇಲೂ ಒಂದು ಕಣ್ಣಿರಲಿ. 'ದಿನವೂ ಬರಬೇಕಂತೆ' ಎಂಬುದು ಅದಕ್ಕೆ ಎರಡನೆಯ ವಾರದಲ್ಲಿ ಅರ್ಥವಾಗುತ್ತದೆ, ಆಗ ಒಡೆಯುತ್ತದೆ ಕಟ್ಟೆ.

ಆ ದಿನದ ಪಾಠ ಎಂದರೆ ಬ್ಯಾಗು ತೂಗುಹಾಕುವುದು, ಸಾಲು ನಿಲ್ಲುವುದು, ಶೌಚಕ್ಕೆ ಕೇಳುವುದು, ಡಬ್ಬಿಯ ಮುಚ್ಚಳ ತೆಗೆಯುವುದು. ಹೇಳಿದರೆ ಬರುವುದಿಲ್ಲ, ಮಾಡಿಸಬೇಕು, ಎರಡು ಸಲ, ಮೂರು ಸಲ. ಇದಕ್ಕೆ ಹೋದ ಹೊತ್ತು ವ್ಯರ್ಥವೆಂದು ಕೊರಗಬೇಡಿ, ಮುಂದಿನ ತಿಂಗಳುಗಳಲ್ಲಿ ಬಡ್ಡಿ ಸಮೇತ ಬರುತ್ತದೆ.

ಮನೆಗೆ ಹೋದ ಮಗುವನ್ನು "ಇವತ್ತು ಏನು ಮಾಡಿದಿರಿ?" ಎಂದು ಕೇಳಿಯೇ ಕೇಳುತ್ತಾರೆ, "ಏನೂ ಇಲ್ಲ" ಎಂಬ ಉತ್ತರ ಬಂದೇ ಬರುತ್ತದೆ. ಅದಕ್ಕೊಂದು ಉಪಾಯ: ದಿನದ ಕೊನೆಗೆ ಕಥೆ ಹೇಳಿ, ಮುಗಿಸಬೇಡಿ. ಆನೆ ಬಾವಿಯೊಳಗೆ ಇಣುಕಿತು, ಒಳಗಿನಿಂದ ಯಾರೋ ಅದರ ಹೆಸರು ಹಿಡಿದು ಕರೆದರು, ಉಳಿದದ್ದು ನಾಳೆ. ಅವತ್ತು ರಾತ್ರಿ ಎಷ್ಟೋ ಮನೆಗಳಲ್ಲಿ ಬಾವಿಯೊಳಗೆ ಯಾರಿರಬಹುದು ಎಂಬ ಚರ್ಚೆ ನಡೆಯುತ್ತದೆ. ಮರುದಿನ ಬೆಳಿಗ್ಗೆ ಹಟವೂ ಕಡಿಮೆ.

ಹಂತ 6: ಎರಡು ವಾರ, ದಿನಕ್ಕೆ ಮೂರು ಕರೆ

ಇಡೀ ಕ್ರಮದಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೆ ದಿನಕ್ಕೆ ಮೂರು ಮನೆ, ಹತ್ತು ಶಾಲಾ ದಿನ. ಒಂದೊಂದು ಕರೆ ಎರಡೇ ನಿಮಿಷ. ಮೊದಲ ವಾಕ್ಯದಲ್ಲೇ ಭಯ ಇಳಿಸಿ: "ಗಾಬರಿಯಾಗಬೇಡಿ, ಒಳ್ಳೆಯ ಸುದ್ದಿ ಹೇಳಲು ಮಾಡಿದೆ." ಆಮೇಲೆ ಕಣ್ಣಾರೆ ಕಂಡ ಒಂದು ಸಂಗತಿ. "ನಿಮ್ಮ ಮಗ ತುಂಬ ಒಳ್ಳೆಯ ಹುಡುಗ" ಎಂದರೆ ಅದು ಯಾರಿಗಾದರೂ ಹೇಳಬಹುದಾದ ಮಾತು. "ಇವತ್ತು ಪಕ್ಕದವನ ಪೆನ್ಸಿಲ್ ಮುರಿದಾಗ ನಿಮ್ಮ ಮಗ ತನ್ನದನ್ನು ಕೊಟ್ಟು, ತಾನು ಆ ಮುರಿದ ತುಂಡಿನಲ್ಲೇ ಬರೆದ" ಎಂದರೆ ಮನೆಯವರಿಗೆ ಗೊತ್ತಾಗುತ್ತದೆ, ಇವರು ನೋಡಿದ್ದಾರೆ ಎಂದು. ಆಗ ಫೋನಿನಲ್ಲಿ ಒಂದು ಮೌನ ಬರುತ್ತದೆ. ಅದನ್ನು ತುಂಬಿಸಲು ಹೋಗಬೇಡಿ.

ಹೇಳಲು ಏನೂ ಸಿಗದ ಮಕ್ಕಳು ಇದ್ದಾರೆ ಎನ್ನಿಸಿದರೆ ತೊಂದರೆ ಮಕ್ಕಳದ್ದಲ್ಲ. ಸಂಜೆ ಕುಳಿತು ಹಾಜರಿ ನೋಡದೆ ಎಲ್ಲರ ಹೆಸರು ಬರೆಯಿರಿ. ಮೊದಲು ಬರುವವರು ಗಲಾಟೆಯವರು ಮತ್ತು ಜಾಣರು. ಕೊನೆಗೆ ತಿಣುಕಿದರೂ ನೆನಪಾಗದ ನಾಲ್ಕೈದು ಹೆಸರುಗಳೇ ನಾಳೆ ನೀವು ಗಮನಿಸಬೇಕಾದವು.

ಹಂತ 7: ಕಹಿ ವಿಚಾರಗಳು

ಜಗಳ, ಕಚ್ಚಾಟ, ಓದಿನಲ್ಲಿ ಹಿಂದೆ ಬೀಳುವುದು ಇದ್ದದ್ದೇ. ಗೇಟಿನ ಬಳಿ, ಹತ್ತು ಜನರ ಮುಂದೆ ಇದನ್ನೆಲ್ಲ ಹೇಳಬೇಡಿ. ಕಂಡದ್ದನ್ನು ಹೇಳಿ, ಹಣೆಪಟ್ಟಿ ಹಚ್ಚಬೇಡಿ: "ನಿಮ್ಮ ಮಗ ಜಗಳಗಂಟ" ಅಲ್ಲ, "ಈ ವಾರ ಎರಡು ಸಲ ಸಾಲಿನಲ್ಲಿ ತಳ್ಳಿದ, ಎರಡೂ ಸಲ ಊಟಕ್ಕೆ ಮುಂಚೆ." ಆಗ ತಾಯಿಯೇ "ಬೆಳಿಗ್ಗೆ ಏನೂ ತಿನ್ನದೆ ಓಡುತ್ತಾನೆ ಮಿಸ್" ಎನ್ನಬಹುದು, ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಹೇನಿನ ವಿಚಾರ ಬಂದರೆ ಒಂದು ಮಗುವಿನ ಕೈಗೆ ಚೀಟಿ ಕೊಡಬೇಡಿ, ಎಲ್ಲ ಮನೆಗೂ ಒಂದೇ ಸೂಚನೆ ಹೋಗಲಿ. ಹೇನು ಹಾರುವುದೂ ಇಲ್ಲ, ಜಿಗಿಯುವುದೂ ಇಲ್ಲ, ತಲೆಗೆ ತಲೆ ತಾಗಿದಾಗ ದಾಟುತ್ತದೆ ಅಷ್ಟೆ, ಅದಕ್ಕೆ ಕೊಳಕುತನ ಕಾರಣವಲ್ಲ ಎಂಬುದನ್ನೂ ಆ ಸೂಚನೆಯಲ್ಲಿ ಬರೆಯಿರಿ.

ವಾಟ್ಸ್‌ಆ್ಯಪ್ ಗುಂಪು ಸೂಚನೆಗಳಿಗೆ ಮಾತ್ರ ಇರಲಿ. ಯಾವ ಮಗುವಿನ ಹೆಸರೂ ಅಲ್ಲಿ ಬರಬಾರದು, ಹೊಗಳಿಕೆಗೂ. ನಿಮ್ಮ ಉತ್ತರದ ಹೊತ್ತು ಯಾವುದೆಂದು ಹೇಳಿ, ರಾತ್ರಿ ಹನ್ನೊಂದಕ್ಕೆ ಉತ್ತರಿಸುವ ಚಟ ಹಚ್ಚಿಕೊಳ್ಳಬೇಡಿ.

ಹಂತ 8: ಆರನೆಯ ವಾರ, ಹತ್ತು ನಿಮಿಷ

ಪ್ರತಿ ಮನೆಯವರೊಂದಿಗೆ ಹತ್ತು ನಿಮಿಷ ಕೂರಿ, ಮಗುವೂ ಇರಲಿ. ತನ್ನ ಬಗ್ಗೆ ದೊಡ್ಡವರು ಬಾಗಿಲು ಮುಚ್ಚಿಕೊಂಡು ಏನು ಮಾತನಾಡಿದರು ಎಂದು ಅದು ಹೊರಗೆ ನಿಂತು ಉಗುರು ಕಚ್ಚುವುದು ಬೇಡ. ತನಗೆ ಸಂಬಂಧಿಸಿದ ವಿಚಾರದಲ್ಲಿ ಮಗುವಿನ ಮಾತನ್ನೂ ಕೇಳಬೇಕು ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯೇ ಹೇಳುತ್ತದೆ. ಮಗು ತಾನೇ ಆರಿಸಿದ ಒಂದು ಕೆಲಸವನ್ನು ಮೇಜಿನ ಮೇಲಿಟ್ಟು ತೋರಿಸಲಿ, ಆಮೇಲೆ ನೀವು ಮನೆಯವರನ್ನು ಕೇಳಿ: "ಈ ಆರು ವಾರದಲ್ಲಿ ಮನೆಯಲ್ಲಿ ಏನು ಬದಲಾವಣೆ ಕಂಡಿರಿ?" ನಿಮ್ಮ ಮಾತು ಅವರ ಉತ್ತರದ ನಂತರ.

ಏಳುವ ಮುಂಚೆ ನೋಟ್‌ಬುಕ್ಕಿನ ಆ ಮಗುವಿನ ಪುಟ ತೆರೆದು ಫೋನ್ ನಂಬರನ್ನು ಅವರಿಗೆ ಓದಿ ಹೇಳಿ. ಆರು ವಾರದಲ್ಲೇ ಮೂರು ನಾಲ್ಕು ನಂಬರು ಬದಲಾಗಿರುತ್ತವೆ. ಇವನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದಿಡಿ.